ಮ್ಯಾಕ್ರೊ: ಮೊದಲು ಬೆಳಕು, ಆಮೇಲೆ ಲೆನ್ಸ್

ಮಾವಿನ ಎಲೆಗಳನ್ನು ಒಂದಕ್ಕೊಂದು ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳನ್ನು ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೋಡದವರಿಲ್ಲ. ಒಮ್ಮೆ ಕಚ್ಚಿಸಿಕೊಂಡವರು ಮತ್ತೆ ಆ ಮರ ಹತ್ತಲು ಹಿಂಜರಿಯುತ್ತಾರೆ. ಅವುಗಳ ಸಾಲಿನ ಆಚೀಚೆ ಅದೇ ಬಣ್ಣದ, ಹೆಚ್ಚುಕಡಿಮೆ ಅದೇ ಗಾತ್ರದ ಇನ್ನೊಂದು ಜೀವಿ ಓಡಾಡುತ್ತಿರುವುದುಂಟು. ಬರಿಗಣ್ಣಿಗೆ ಅದೂ ಚಗಳಿಯೇ. ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಕಾಲು ಎಂಟಿವೆ. ಇರುವೆಯ ಮೀಸೆಯಂತೆ ಮೇಲೆತ್ತಿ ಆಡಿಸುತ್ತಿರುವುದು ಮುಂಗಾಲುಗಳನ್ನು. ತಲೆಯ ಎರಡೂ ಪಕ್ಕ ಇರುವೆಗಣ್ಣಿನಂಥ ಕಪ್ಪು ಮಚ್ಚೆ; ಮುಖದ ಎದುರಿಗೆ, ನಮ್ಮನ್ನೇ ನೋಡುತ್ತಿರುವ ಎರಡು ದೊಡ್ಡ ಗುಂಡು ಕಣ್ಣು. ಇದು ಇರುವೆಯ ವೇಷದ ಜಿಗಿಯುವ ಜೇಡ. ಶಾಸ್ತ್ರೀಯ ಹೆಸರು ಮಿರ್ಮಪ್ಲಾಟಾ ಪ್ಲಾಟಾಲಿಯೊಯ್ಡಿಸ್. ಗಂಡು ಜೇಡದ ದವಡೆ ಉದ್ದಕ್ಕೆ ಮುಂಚಾಚಿಕೊಂಡಿರುವುದರಿಂದ ಅದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೊರಟ ಇರುವೆಯಂತೆ ಕಾಣುತ್ತದೆ.

ಕಣ್ಣೆದುರೇ ಇದ್ದೂ ನೋಟಕ್ಕೆ ದಕ್ಕದ ಇಂಥ ವಿವರಗಳನ್ನು ಹಿಡಿದುಕೊಡುವುದೇ ಮ್ಯಾಕ್ರೊ ಛಾಯಾಗ್ರಹಣ. ಹುಲಿ, ಆನೆ ತೆಗೆಯಬೇಕಾದರೆ ಸಫಾರಿ ಜೀಪು, ಮಾರುದ್ದದ ಟೆಲಿ ಲೆನ್ಸ್, ರಜೆ, ಅದೃಷ್ಟ ಎಲ್ಲ ಕೂಡಿಬರಬೇಕು. ಮ್ಯಾಕ್ರೊಗೆ ಹಿತ್ತಿಲು ಸಾಕು. ಹಿತ್ತಿಲಿಲ್ಲದ ಫ್ಲ್ಯಾಟಿನವರಿಗೆ ಬಾಲ್ಕನಿಯ ನಾಲ್ಕು ಕುಂಡ ಸಾಕು. ಆದರೂ ಈ ಹವ್ಯಾಸಕ್ಕೆ ಬರುವ ಹೆಚ್ಚಿನವರು ಮೊದಲು ಕೇಳುವುದು ‘ಯಾವ ಲೆನ್ಸ್ ತಗೊಳ್ಳಲಿ?’ ಎಂದು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು ಬೆಳಕಿನದು. ಅದಕ್ಕೆ ಬರುವ ಮುಂಚೆ ಒಂದಿಷ್ಟು ಲೆಕ್ಕ ತಿಳಿದಿರಬೇಕು.

ಹತ್ತಿರದಿಂದ ತೆಗೆದದ್ದೆಲ್ಲ ಮ್ಯಾಕ್ರೊ ಅಲ್ಲ. ವಸ್ತುವಿನ ಬಿಂಬ ಕ್ಯಾಮೆರಾದ ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಬಿದ್ದರೆ ಅದು 1:1. ನಿಜವಾದ ಮ್ಯಾಕ್ರೊ ಶುರುವಾಗುವುದು ಅಲ್ಲಿಂದ. ಫುಲ್‌ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ, 1:1ರಲ್ಲಿ ಅಷ್ಟೇ ಅಳತೆಯ ಜಾಗ ಚಿತ್ರದ ತುಂಬ ಬರುತ್ತದೆ. ಹವ್ಯಾಸಿಗಳ ಕೈಯಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಕ್ಯಾಮೆರಾಗಳ ಸೆನ್ಸರ್ ಸುಮಾರು 23 ಮಿ.ಮೀ. ಅಗಲ ಮಾತ್ರ. ಹಾಗಾಗಿ ಅದೇ ಲೆನ್ಸಿನಲ್ಲಿ ಅದೇ ಕೀಟ ಇಲ್ಲಿ ಚೌಕಟ್ಟನ್ನು ಇನ್ನಷ್ಟು ತುಂಬಿಕೊಳ್ಳುತ್ತದೆ. ಮ್ಯಾಕ್ರೊ ಮಾಡುವವರು ದುಬಾರಿ ಫುಲ್‌ಫ್ರೇಮ್ ಇಲ್ಲವೆಂದು ಕೊರಗಬೇಕಿಲ್ಲ.

ಯಾವುದಕ್ಕೆ ಎಷ್ಟು ಪಟ್ಟು ಬೇಕೆಂದು ಅರಿಯಲು ಒಂದು ಕರಿಬೇವಿನ ಗಿಡ ಸಾಕು. ನಿಂಬೆ ಚಿಟ್ಟೆ ಅದರ ಎಳೆ ಎಲೆಗಳ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ. ತಿಳಿಹಳದಿಯ ಗುಂಡು ಮೊಟ್ಟೆ, ಸಾಸಿವೆ ಕಾಳಿನಷ್ಟಿದ್ದರೆ ಹೆಚ್ಚು. 1:1ರಲ್ಲಿ ತೆಗೆದರೂ ಅದು ಚಿತ್ರದ ನಡುವಿನ ಒಂದು ಚುಕ್ಕೆ. ಮೊಟ್ಟೆಯನ್ನು ಮೊಟ್ಟೆಯಾಗಿ ತೋರಿಸಲು ನಾಲ್ಕೈದು ಪಟ್ಟು ಹಿಗ್ಗಿಸಬೇಕು. ಹೊರಬಂದ ಹುಳು ಮೊದಮೊದಲು ಹಕ್ಕಿ ಹಿಕ್ಕೆಯ ಹಾಗೆ, ಕಂದುಕಪ್ಪು ಮೈಗೆ ಬಿಳಿ ಪಟ್ಟೆ ಬಳಿದುಕೊಂಡು ಕೂತಿರುತ್ತದೆ. ಇದಕ್ಕೆ ಒಂದು ಅಥವಾ ಎರಡು ಪಟ್ಟು ಸಾಕು. ಕೊನೆಯ ಹಂತದಲ್ಲಿ ಹಸಿರಾಗಿ ನಾಲ್ಕು ಸೆಂ.ಮೀ.ವರೆಗೆ ಬೆಳೆದಾಗ 1:1ರಲ್ಲಿ ಹುಳು ಪೂರ್ತಿ ಹಿಡಿಸುವುದೇ ಇಲ್ಲ. ಇನ್ನು ರೆಕ್ಕೆ ಬಿಚ್ಚಿದ ಚಿಟ್ಟೆ ಎಂಟು-ಹತ್ತು ಸೆಂ.ಮೀ. ಅಗಲ, ಕ್ಯಾಮೆರಾ ಜತೆ ಬರುವ 18-55 ಕಿಟ್ ಲೆನ್ಸೇ ಅದನ್ನು ಚೌಕಟ್ಟು ತುಂಬ ತೆಗೆಯುತ್ತದೆ.

ಆ ಹಸಿರು ಹುಳುವಿನ ಮುಂದೆ ಹೊಸಬರು ಮೋಸಹೋಗುವ ಒಂದು ಜಾಗ ಇದೆ. ಕೀಟ, ಜೇಡ ಯಾವುದೇ ಇರಲಿ, ಫೋಕಸ್ ಕಣ್ಣಿನ ಮೇಲಿರಬೇಕು ಎಂಬುದು ಮ್ಯಾಕ್ರೊದ ಮೊದಲ ಪಾಠ. ಹುಳುವಿನ ಮುಂಭಾಗದಲ್ಲಿ ದೊಡ್ಡ ಕಣ್ಣಿನಂತೆ ಕಾಣುವುದು ಬರೀ ಮಚ್ಚೆ, ಅದೂ ಎದೆಯ ಭಾಗದಲ್ಲಿರುವಂಥದ್ದು. ನಿಜವಾದ ಪುಟ್ಟ ತಲೆ ಅದಕ್ಕಿಂತ ಮುಂದೆ, ಕೆಳಕ್ಕೆ ಬಾಗಿಕೊಂಡಿರುತ್ತದೆ. ತಲೆಯ ಒಂದೊಂದು ಬದಿಗೂ ಆರಾರು ಚುಕ್ಕೆಗಣ್ಣು. ಗಾಬರಿಯಾದರೆ ಹುಳು ತಲೆಯ ಹಿಂದಿನಿಂದ ಕವಲೊಡೆದ ಕೆಂಪು-ಕಿತ್ತಳೆ ಬಣ್ಣದ ಅಂಗವೊಂದನ್ನು ಹೊರಚಾಚಿ ಕಟು ವಾಸನೆ ಬೀರುತ್ತದೆ. ಆ ಫೋಟೊ ಬೇಕೆಂದು ಕಡ್ಡಿಯಿಂದ ಚುಚ್ಚುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಅದು ಆ ಜೀವಿ ಹೆದರಿದ್ದರ ಗುರುತು.

ಈಗ ಲೆನ್ಸಿನ ಮಾತು. ಎಲ್ಲಕ್ಕಿಂತ ಅಗ್ಗದ ದಾರಿ ರಿವರ್ಸ್ ರಿಂಗ್. ಕೆಲವೇ ನೂರು ರೂಪಾಯಿಗೆ ಸಿಗುವ ಲೋಹದ ಬಳೆ. ಇದರ ನೆರವಿನಿಂದ ಇರುವ ಲೆನ್ಸನ್ನೇ ಹಿಂದುಮುಂದಾಗಿ ಕ್ಯಾಮೆರಾಗೆ ಕೂರಿಸಬಹುದು. 50 ಮಿ.ಮೀ. ಲೆನ್ಸ್ ತಿರುಗಿಸಿದರೆ 1:1ರ ಆಸುಪಾಸಿಗೆ ಬರುತ್ತೀರಿ. ಫೋಕಲ್ ಲೆಂಗ್ತ್ ಕಡಿಮೆಯಾದಷ್ಟೂ ಹಿಗ್ಗುವುದು ಹೆಚ್ಚು. ಕರಿಬೇವಿನ ಮೊಟ್ಟೆಗೆ ಹವ್ಯಾಸಿಯ ಕೈಗೆಟಕುವ ಉಪಾಯ ಇದೇ. ತೊಡಕೂ ಇದೆ: ಲೆನ್ಸಿಗೂ ಕ್ಯಾಮೆರಾಗೂ ವಿದ್ಯುತ್ ಸಂಪರ್ಕ ತಪ್ಪುವುದರಿಂದ ಅಪರ್ಚರ್ ಬದಲಿಸಲಾಗದು. ಅಪರ್ಚರ್ ರಿಂಗ್ ಇರುವ ಹಳೆಯ ಫಿಲ್ಮ್ ಕಾಲದ ಲೆನ್ಸ್ ಮನೆಯ ಅಟ್ಟದಲ್ಲೋ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲೋ ಸಿಕ್ಕರೆ ಬಿಡಬೇಡಿ, ಈ ಕೆಲಸಕ್ಕೆ ಅದೇ ಅನುಕೂಲ.

ಎಕ್ಸ್‌ಟೆನ್ಶನ್ ಟ್ಯೂಬ್ ಎಂಬುದು ಒಳಗೆ ಗಾಜಿಲ್ಲದ ಪೊಳ್ಳು ಕೊಳವೆ. ಲೆನ್ಸನ್ನು ಸೆನ್ಸರ್‌ನಿಂದ ದೂರ ಸರಿಸುವುದಷ್ಟೇ ಅದರ ಕೆಲಸ. ಕೊಳವೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ಪಟ್ಟು ಸಿಗುತ್ತದೆಂದು ಗೊತ್ತಾಗುತ್ತದೆ: 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ಅರ್ಧ, 50 ಹಾಕಿದರೆ ಒಂದು. ಕೊಳ್ಳುವಾಗ ಒಳಗೆ ವಿದ್ಯುತ್ ಸಂಪರ್ಕದ ಪಿನ್ನುಗಳಿವೆಯೇ ನೋಡಿಕೊಳ್ಳಿ. ಇನ್ನು ಲೆನ್ಸಿನ ಮುಂದೆ ಕಚ್ಚಿಸುವ ಕ್ಲೋಸ್‌ಅಪ್ ಲೆನ್ಸುಗಳು. ಇವುಗಳಲ್ಲಿ ಜಪಾನಿನ ರೇನಾಕ್ಸ್ ಡಿಸಿಆರ್-250 ಹವ್ಯಾಸಿಗಳಿಗೆ ಅಚ್ಚುಮೆಚ್ಚು. ಅದರ ಶಕ್ತಿ 8 ಡಯಾಪ್ಟರ್. ಅಂದರೆ ಕೀಟ ಸುಮಾರು 12 ಸೆಂ.ಮೀ. ದೂರದಲ್ಲಿರುವಾಗ ಫೋಕಸ್ ಸಿಗುತ್ತದೆ. 55-250ರಂಥ ಜೂಮ್ ಲೆನ್ಸ್ ಈಗಾಗಲೇ ಇದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಫೋಕಲ್ ಲೆಂಗ್ತ್ ಬದಲಿಸಿದಂತೆ ಹಿಗ್ಗುವಿಕೆಯೂ ಬದಲಾಗುತ್ತದೆ, ಬೇಡವಾದಾಗ ತೆಗೆದು ಜೇಬಿಗೆ ಹಾಕಿಕೊಳ್ಳಬಹುದು.

ಮ್ಯಾಕ್ರೊಗೆಂದೇ ಮಾಡಿದ ಲೆನ್ಸುಗಳು 60, 90, 100, 105 ಮಿ.ಮೀ.ಗಳಲ್ಲಿ ದೊರೆಯುತ್ತವೆ. ಕೊಂಡರೆ 90ರಿಂದ ಮೇಲಿನದನ್ನೇ ಕೊಳ್ಳಿ. 60ರಲ್ಲಿ ಕೀಟಕ್ಕೆ ತೀರಾ ಹತ್ತಿರ ಹೋಗಬೇಕಾಗುತ್ತದೆ, ಅದು ಹಾರಿಹೋಗುತ್ತದೆ, ಲೆನ್ಸಿನ ನೆರಳೂ ಬೀಳುತ್ತದೆ. ಕ್ಯಾನನ್ ಕಂಪನಿಯ ಎಂಪಿ-ಇ 65 ಎಂಬ ವಿಶಿಷ್ಟ ಲೆನ್ಸ್ 1ರಿಂದ 5 ಪಟ್ಟಿನವರೆಗೆ ಹಿಗ್ಗಿಸುತ್ತದೆ. ದೂರದ ದೃಶ್ಯಕ್ಕೆ ಅದರಲ್ಲಿ ಫೋಕಸ್ಸೇ ಇಲ್ಲ. ಲಾವೊವಾ 2 ಪಟ್ಟಿನ ಲೆನ್ಸುಗಳನ್ನು ತಂದಿದೆ. ಇಂಥ ವಿಶೇಷ ಲೆನ್ಸುಗಳು ಎರಡು-ಮೂರು ವರ್ಷ ಪಳಗಿದ ಮೇಲಿನ ಮಾತು.

ಹಿಗ್ಗಿಸುವುದು ಸುಲಭ. ಅದರ ಬೆನ್ನಿಗೇ ಬರುವ ಸಮಸ್ಯೆ ಸ್ಪಷ್ಟತೆಯ ಆಳದ್ದು. 1:1ರಲ್ಲಿ ಎಫ್/8 ಇಟ್ಟರೆ ಸ್ಪಷ್ಟವಾಗಿ ಕಾಣುವ ಪದರ ಸುಮಾರು ಒಂದು ಮಿ.ಮೀ. ಚಗಳಿಯ ಉದ್ದ ಎಂಟು-ಹತ್ತು ಮಿ.ಮೀ. ಅದು ನಮ್ಮ ಕಡೆ ಮುಖ ಮಾಡಿದ್ದರೆ ಕಣ್ಣು ಸ್ಪಷ್ಟ, ಹೊಟ್ಟೆಯ ಹೊತ್ತಿಗೆ ಎಲ್ಲ ಮಸುಕು. ಅಪರ್ಚರ್ ಎಫ್/22ಕ್ಕೆ ಕಿರಿದಾಗಿಸಿದರೆ ಆಳ ಹೆಚ್ಚುತ್ತದೆ ನಿಜ, ಆದರೆ ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ಚದುರಿ ಇಡೀ ಚಿತ್ರದ ಚೂಪು ಹೋಗುತ್ತದೆ. 1:1ರಲ್ಲಿ ನಾವು ಎಫ್/8 ಇಟ್ಟರೂ ಲೆನ್ಸ್ ವರ್ತಿಸುವುದು ಎಫ್/16ರಂತೆ ಎಂಬುದನ್ನು ಮರೆಯಬಾರದು. ಎಫ್/8ರಿಂದ 11ರೊಳಗೆ ಇದ್ದುಕೊಂಡು ಕ್ಯಾಮೆರಾದ ಕೋನ ಬದಲಿಸುವುದೇ ಜಾಣತನ. ಕೀಟದ ಮೈ ಸೆನ್ಸರ್‌ಗೆ ಸಮಾನಾಂತರವಾಗುವಂತೆ ಪಕ್ಕದಿಂದ ತೆಗೆದರೆ ಅದೇ ಒಂದು ಮಿ.ಮೀ. ಪದರದಲ್ಲಿ ತಲೆಯಿಂದ ಬುಡದವರೆಗೆ ಸ್ಪಷ್ಟವಾಗಿ ಬರುತ್ತದೆ.

ಇಲ್ಲಿಗೆ ಬೆಳಕಿನ ಕೊರತೆ ಶುರುವಾಯಿತು. ಅಪರ್ಚರ್ ಕಿರಿದು, ಹಿಗ್ಗಿಸಿದ್ದರಿಂದ ಬೆಳಕು ಇನ್ನೂ ಕಡಿಮೆ, ಮರದಡಿಯ ನೆರಳು ಬೇರೆ. ಜತೆಗೆ ಕೈ ಅಲುಗುವುದು, ಗಾಳಿಗೆ ಎಲೆ ಆಡುವುದು ಎಲ್ಲವೂ ಹಲವು ಪಟ್ಟು ಹಿಗ್ಗಿ ಕಾಣುತ್ತದೆ. ಇವಕ್ಕೆಲ್ಲ ಒಂದೇ ಉತ್ತರ ಫ್ಲ್ಯಾಶ್. ಕಡಿಮೆ ಶಕ್ತಿಯಲ್ಲಿ, 1/32ರಲ್ಲಿ ಎಂದಿಟ್ಟುಕೊಳ್ಳಿ, ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ಕೈಯೂ ಅಲುಗದು, ಎಲೆಯೂ ಅಲುಗದು. ಶಟರ್ 1/160 ಅಥವಾ 1/200, ಐಎಸ್‌ಒ 200, ಅಪರ್ಚರ್ ಎಫ್/8; ಬಹುಪಾಲು ಸಂದರ್ಭಕ್ಕೆ ಇಷ್ಟೇ ಸಾಕು.

ಆದರೆ ಬರಿಯ ಫ್ಲ್ಯಾಶ್ ಹೊಡೆದರೆ ಜೀರುಂಡೆಯ ಬೆನ್ನ ಮೇಲೆ ಬಿಳಿಯ ಕಲೆ ಬೀಳುತ್ತದೆ, ಬಣ್ಣ ಸತ್ತುಹೋಗುತ್ತದೆ, ಹಿನ್ನೆಲೆ ಕಗ್ಗತ್ತಲೆಯಾಗುತ್ತದೆ. ಬೆಳಕಿನ ಮೂಲ ವಸ್ತುವಿಗಿಂತ ಎಷ್ಟು ದೊಡ್ಡದಾಗಿ, ಎಷ್ಟು ಹತ್ತಿರ ಇದೆಯೋ ಬೆಳಕು ಅಷ್ಟು ಮೃದು. ಆದ್ದರಿಂದ ಡಿಫ್ಯೂಸರ್ ಬೇಕು, ಅದನ್ನು ಮನೆಯಲ್ಲೇ ಮಾಡಬಹುದು. ಉದ್ದನೆಯ ಚಿಪ್ಸ್ ಡಬ್ಬಿ ತೆಗೆದುಕೊಳ್ಳಿ. ಅದರ ಒಳಮೈ ಬೆಳ್ಳಿಯಂತೆ ಹೊಳೆಯುವುದರಿಂದ ಬೆಳಕು ಪೋಲಾಗದು. ಒಂದು ತುದಿ ಫ್ಲ್ಯಾಶಿನ ಬಾಯಿಗೆ, ಇನ್ನೊಂದು ತುದಿ ಲೆನ್ಸಿನ ಮೂತಿಯ ಮೇಲೆ ಬರುವಂತೆ ಕತ್ತರಿಸಿ ಕಟ್ಟಿ. ಆ ತುದಿಗೆ ಟ್ರೇಸಿಂಗ್ ಪೇಪರ್, ಅದರ ಮುಂದೆ ಒಂದೆರಡು ಇಂಚು ಬಿಟ್ಟು ಟಿವಿ, ಮಿಕ್ಸಿ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಅಂಗೈಯಗಲ ಕತ್ತರಿಸಿ, ಕೀಟದ ಮೇಲೆ ಚಪ್ಪರದಂತೆ ಬಾಗುವ ಹಾಗೆ ಅಂಟಿಸಿ. ಎರಡು ಪದರಗಳ ನಡುವಿನ ಆ ಖಾಲಿ ಜಾಗ ಬಹಳ ಮುಖ್ಯ, ಬೆಳಕು ಹರಡುವುದು ಅಲ್ಲೇ. ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಸ್ಟೀಲ್ ಚಮಚದ ಫೋಟೊ ತೆಗೆಯಿರಿ. ಚಮಚದಲ್ಲಿ ಚುರುಕು ಬಿಳಿ ಚುಕ್ಕೆ ಕಂಡರೆ ಇನ್ನೊಂದು ಪದರ ಬೇಕು; ಅಂಚು ಕರಗಿದ ಅಗಲ ಬೆಳಕು ಕಂಡರೆ ಜೀರುಂಡೆಗೆ ನೀವು ಸಿದ್ಧ. ಸಾವಿರಾರು ರೂಪಾಯಿಯ ಡಿಫ್ಯೂಸರ್ ಮಾಡುವುದೂ ಇದನ್ನೇ.

ಕೀಟದ ಮುಂದೆ ಆಟೊಫೋಕಸ್ ನೆಚ್ಚಬೇಡಿ. ಲೆನ್ಸನ್ನು ಬೇಕಾದ ಹಿಗ್ಗುವಿಕೆಗೆ ಇಟ್ಟು, ಮೈಯನ್ನೇ ಕೂದಲೆಳೆಯಷ್ಟು ಮುಂದೆ-ಹಿಂದೆ ಸರಿಸುತ್ತ, ಕಣ್ಣು ಚೂಪಾದ ಕ್ಷಣ ಬಟನ್ ಒತ್ತಬೇಕು. ಎಡಗೈಯ ಎರಡು ಬೆರಳಲ್ಲಿ ಕಡ್ಡಿಯನ್ನು ಹಗುರಾಗಿ ಹಿಡಿದು ಅದೇ ಕೈಯ ಮೇಲೆ ಲೆನ್ಸನ್ನು ಊರಿದರೆ ಗಾಳಿಗೆ ಕೀಟವೂ ಕ್ಯಾಮೆರಾವೂ ಒಟ್ಟಿಗೇ ಆಡುತ್ತವೆ, ಫೋಕಸ್ ತಪ್ಪದು. ಟ್ರೈಪಾಡ್ ಹಿತ್ತಿಲಲ್ಲಿ ಅಡ್ಡಿಯೇ ಹೆಚ್ಚು. ಸಮಯ ಮುಂಜಾನೆ. ಕೀಟಗಳ ಮೈ ಬಿಸಿಲಿನಿಂದ ಕಾಯಬೇಕು. ಅಲ್ಲಿಯವರೆಗೆ ಮಂಜಿನ ಹನಿ ಹೊತ್ತ ಏರೋಪ್ಲೇನ್ ಚಿಟ್ಟೆ ಹುಲ್ಲಿನ ತುದಿಯಲ್ಲಿ ಕದಲದೆ ಕೂತಿರುತ್ತದೆ. ಒಂಬತ್ತರ ಮೇಲೆ ಅದನ್ನು ಅಟ್ಟಿಸಿಕೊಂಡು ಓಡುವುದು ವ್ಯರ್ಥ. ಮುಂಗಾರು ಬಿದ್ದ ಮೇಲಿನ ತಿಂಗಳುಗಳು ನಮ್ಮ ಕಡೆ ಸುಗ್ಗಿಕಾಲ.

ಆಳದ ಕೊರತೆ ನೀಗಲು ಫೋಕಸ್ ಸ್ಟ್ಯಾಕಿಂಗ್ ಎಂಬ ವಿಧಾನವೂ ಇದೆ. ಫೋಕಸ್ಸನ್ನು ಸ್ವಲ್ಪ ಸ್ವಲ್ಪ ಸರಿಸಿ ಹಲವು ಚಿತ್ರ ತೆಗೆದು, ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್‌ನಂಥ ತಂತ್ರಾಂಶದಲ್ಲಿ ಸ್ಪಷ್ಟ ಭಾಗಗಳನ್ನಷ್ಟೇ ಆಯ್ದು ಬೆಸೆಯುವುದು. ಬ್ರಿಟನ್ನಿನ ಲೆವನ್ ಬಿಸ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮ್ಯೂಸಿಯಂನ ಕೀಟಗಳನ್ನು ಹೀಗೆ ತೆಗೆದರು. ಒಂದೊಂದು ಚಿತ್ರಕ್ಕೂ ಸುಮಾರು 8,000 ಫೋಟೊ. ಅವು ಸತ್ತ ಕೀಟಗಳು, ಕದಲುವುದಿಲ್ಲ. ಬದುಕಿರುವ, ಮಲಗಿರುವ ಕೀಟದ ಮೇಲೆ ಹತ್ತಿಪ್ಪತ್ತು ಚಿತ್ರ ಸಾಧ್ಯ. ಸ್ಟ್ಯಾಕಿಂಗ್ ಆಸೆಗೆ ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸುವುದು, ಅಂಟು ಹಚ್ಚುವುದು ಎಲ್ಲೆಲ್ಲೋ ನಡೆಯುತ್ತಿದೆ. ಅದು ಹವ್ಯಾಸವಲ್ಲ, ಹಿಂಸೆ.

ಮೊಬೈಲ್ ಇದ್ದವರೂ ಹಿಂದೆ ಬೀಳಬೇಕಿಲ್ಲ. ಅಲ್ಟ್ರಾವೈಡ್ ಕ್ಯಾಮೆರಾಗೇ ಆಟೊಫೋಕಸ್ ಇರುವ ಫೋನುಗಳು ಎರಡು ಸೆಂ.ಮೀ. ಹತ್ತಿರಕ್ಕೂ ಹೋಗುತ್ತವೆ, ಫೋನಿನ ನೆರಳು ಬೀಳದಂತೆ ನೋಡಿಕೊಂಡರಾಯಿತು. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ‘ಮ್ಯಾಕ್ರೊ’ ಕ್ಯಾಮೆರಾ ಮಾತ್ರ ಹೆಸರಿಗಷ್ಟೇ. ಅದಕ್ಕಿಂತ, ಫೋನಿನ ಮುಖ್ಯ ಕ್ಯಾಮೆರಾಗೆ ಕ್ಲಿಪ್ ಲೆನ್ಸ್ ಹಾಕುವುದು ಮೇಲು.

ದುಡ್ಡು ಹಾಕುವ ಕ್ರಮ ಕೇಳಿದರೆ ನಾನು ಹೇಳುವುದಿಷ್ಟು: ಇರುವ ಕ್ಯಾಮೆರಾ ಇರಲಿ. ಮೊದಲು ಒಂದು ಸಾಧಾರಣ ಫ್ಲ್ಯಾಶ್, ಮನೆಯಲ್ಲೇ ಮಾಡಿದ ಡಿಫ್ಯೂಸರ್. ಆಮೇಲೆ ಕ್ಲೋಸ್‌ಅಪ್ ಲೆನ್ಸ್ ಅಥವಾ ಟ್ಯೂಬ್. ಒಂದು ಮಳೆಗಾಲ ಪೂರ್ತಿ ಇದರಲ್ಲೇ ಕಳೆದ ಮೇಲೂ ಆಸಕ್ತಿ ಉಳಿದಿದ್ದರೆ ಮ್ಯಾಕ್ರೊ ಲೆನ್ಸ್. ಕಲಿಯಲು ಜತೆ ಬೇಕೆನಿಸಿದರೆ ಊರಿನ ಫೋಟೊ ಕ್ಲಬ್ಬುಗಳಿವೆ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳನ್ನು ತಿದ್ದುತ್ತ ಬಂದಿದೆ.

ತೆಗೆದ ಚಿತ್ರಗಳನ್ನು ಸ್ಟೇಟಸ್‌ಗೆ ಹಾಕಿ ಮರೆಯಬೇಡಿ. ಒಂದು ಕೀಟ ಸಿಕ್ಕಾಗ ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಒಂದೊಂದು ಚಿತ್ರ ತೆಗೆಯಿರಿ. ಒಂದೇ ಕೋನದ ಚಿತ್ರದಿಂದ ಎಷ್ಟೋ ಜೇಡಗಳನ್ನು ತಜ್ಞರೂ ಗುರುತಿಸಲಾರರು. ಕೂತಿದ್ದ ಗಿಡದ ಎಲೆಯದೂ ಒಂದಿರಲಿ. ದಿನಾಂಕ, ಊರು ಸೇರಿಸಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಏರಿಸಿ. ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಬಲ್ಲವರು ಅಲ್ಲಿ ಗುರುತಿಸಿಕೊಡುತ್ತಾರೆ. ಎರಡೂ ಕಡೆ ಖಾತೆ ತೆರೆಯುವುದು ಉಚಿತ.