ಬಿಳಿ ಬರ್ಗಂಡಿಯ ಹುಳಿ

ಫ್ರಾನ್ಸ್ ದೇಶದ ಪೂರ್ವ ಭಾಗದಲ್ಲಿ ಬರ್ಗಂಡಿಯೆಂಬ ಪ್ರಾಂತವಿದೆ. ಅಲ್ಲಿಯ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ಬೆಳೆಯುವ ಷಾರ್ಡೊನೆ ಎಂಬ ಬಿಳಿ ದ್ರಾಕ್ಷಿಯ ವೈನಿಗೆ ಲೋಕವೆಲ್ಲ ಮನ್ನಣೆಯಿತ್ತಿದೆ. ಪೀನೋ ಎಂಬ ಹೆಸರಾಂತ ತಳಿಗೂ, ಬಹುಕಾಲ ಕೀಳೆಂದು ಎಣಿಸಲ್ಪಟ್ಟಿದ್ದ ಗೂಯೆ ಬ್ಲಾಂ ಎಂಬ ತಳಿಗೂ ಹುಟ್ಟಿದ ಸಂತಾನವಿದು ಎಂಬ ಸಂಗತಿ 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿದುಬಂದಿತು. ಹಿರಿಮೆಗೆ ಕುಲವೊಂದೇ ಕಾರಣವಲ್ಲವೆಂದು ತೋರುತ್ತದೆ!

ಈ ದ್ರಾಕ್ಷಿಗೆ ತನ್ನದೇ ಆದ ಬಲವಾದ ಪರಿಮಳವಿಲ್ಲ. ಹಾಗಾದರೆ ಇದರ ಹೆಚ್ಚುಗಾರಿಕೆ ಎಲ್ಲಿದೆ? ಬಹುಮಟ್ಟಿಗೆ ಹುಳಿಯಲ್ಲಿದೆ ಎನ್ನುತ್ತೇವೆ ನಾವು. ಹಣ್ಣು ಮಾಗಿದಂತೆ ಸಕ್ಕರೆ ಏರುತ್ತದೆ, ಆಮ್ಲ ಇಳಿಯುತ್ತದೆ. ಅವಸರದಲ್ಲಿ ಕೊಯ್ದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ; ತಡಮಾಡಿದರೆ ಸಪ್ಪೆ. ಕೊಯ್ಲಿನ ದಿನವನ್ನು ಗೊತ್ತುಮಾಡುವುದರಲ್ಲಿಯೇ ಬೆಳೆಗಾರನ ಅರ್ಧ ವಿದ್ಯೆಯೆಲ್ಲ ಅಡಗಿದೆ.

ಹಣ್ಣನ್ನು ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನು 228 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳಿಗೆ ತುಂಬುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ಇಷ್ಟನ್ನು ಎಲ್ಲರೂ ಬಲ್ಲರು. ಅನಂತರ ನಡೆಯುವ ಎರಡನೆಯ ಮಾರ್ಪಾಡು ವಾಚಕರಿಗೆ ಹೆಚ್ಚು ಸ್ವಾರಸ್ಯವೆನಿಸೀತು. ಸೇಬಿನ ಹುಳಿಗೆ ಕಾರಣವಾದ ಮ್ಯಾಲಿಕ್ ಆಮ್ಲ ದ್ರಾಕ್ಷಿಯಲ್ಲಿಯೂ ಉಂಟು. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ, ಎಂದರೆ ನಮ್ಮ ಮೊಸರಿನಲ್ಲಿರುವ ಆಮ್ಲವಾಗಿ, ಪರಿವರ್ತಿಸುತ್ತದೆ. ತೀಕ್ಷ್ಣವಾದ ಹುಳಿ ಹೋಗಿ ಮೆದುವಾದ ಹುಳಿ ನಿಲ್ಲುತ್ತದೆ. ಈ ಕ್ರಿಯೆಯಲ್ಲಿ ಡೈಅಸಿಟೈಲ್ ಎಂಬ ವಸ್ತು ಅಲ್ಪ ಪ್ರಮಾಣದಲ್ಲಿ ಹುಟ್ಟುವುದುಂಟು. ಬೆಣ್ಣೆಯ ಪರಿಮಳದಲ್ಲಿಯೂ ಇದಕ್ಕೆ ದೊಡ್ಡ ಪಾಲಿದೆ. ಬಿಳಿ ಬರ್ಗಂಡಿಯಲ್ಲಿ ಬೆಣ್ಣೆಯ ವಾಸನೆಯುಂಟೆಂದು ರಸಜ್ಞರು ಆಡುವ ಮಾತಿಗೆ ಹೀಗೆ ರಸಾಯನ ಶಾಸ್ತ್ರದ ಆಧಾರ ದೊರೆಯುತ್ತದೆ. ಸತ್ತ ಯೀಸ್ಟಿನ ಮಡ್ಡಿಯ ಮೇಲೆಯೇ ವೈನನ್ನು ತಿಂಗಳುಗಟ್ಟಲೆ ಬಿಟ್ಟು, ಆಗಾಗ ಕೋಲಿನಿಂದ ಕದಡುವ ಪದ್ಧತಿಯೂ ಇದೆ. ಅದರಿಂದ ವೈನು ಬಾಯಿಗೆ ನುಣುಪಾಗಿ ತುಂಬುತ್ತದೆ. ಉತ್ತರದ ಷಾಬ್ಲಿಯಲ್ಲಿ ಅನೇಕರು ಪೀಪಾಯಿಯನ್ನು ಬಿಟ್ಟು ಉಕ್ಕಿನ ತೊಟ್ಟಿಗಳನ್ನೇ ಬಳಸುತ್ತಾರೆ. ಅಲ್ಲಿಯ ವೈನಿನಲ್ಲಿ ಹುಳಿ ಹೆಚ್ಚು ಚುರುಕು.

ರುಚಿ ನೋಡುವವರು ಬಟ್ಟಲನ್ನು ಬೆಳಕಿಗೆ ಹಿಡಿದು, ಆಡಿಸಿ, ಮೂಸಿ, ಒಂದು ಗುಟುಕನ್ನು ಬಾಯೊಳಗೆ ಹೊರಳಿಸಿ ಉಗುಳಿಬಿಡುತ್ತಾರೆ. ಅತಿಯಾಗಿ ತಣಿಸಿದರೆ ಪರಿಮಳ ಮೇಲೇಳದು. 12 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು ಯೋಗ್ಯ. ಉಗುಳಿದ ಮೇಲೂ ಬಾಯಲ್ಲಿ ನೀರೂರುತ್ತಿದ್ದರೆ ಹುಳಿ ಜೀವಂತವಾಗಿದೆಯೆಂದು ತಿಳಿಯಬೇಕು.

ಆ ಹುಳಿಗೇ ಈಗ ಕುತ್ತು ಒದಗಿದೆ. ಬರ್ಗಂಡಿಯ ಬೋನ್ ಪಟ್ಟಣದ ಹಳೆಯ ದಾಖಲೆಗಳಿಂದ 1354ರಿಂದ 2018ರವರೆಗಿನ ಕೊಯ್ಲಿನ ದಿನಗಳನ್ನು ಸಂಶೋಧಕರು ಕಲೆಹಾಕಿದ್ದಾರೆ. 1987ರವರೆಗೆ ಕೊಯ್ಲು ಸರಾಸರಿಯಲ್ಲಿ ಸೆಪ್ಟೆಂಬರ್ 28ರಂದು ಮೊದಲಾಗುತ್ತಿತ್ತು. 1988ರಿಂದ ಈಚೆಗೆ ಸುಮಾರು 13 ದಿನ ಮುಂಚಿತವಾಗಿದೆ. ಆರು ಶತಮಾನಗಳಲ್ಲಿ ಕಾಣದ ಪಲ್ಲಟವಿದು. ಬಿಸಿ ಹೆಚ್ಚಿದಷ್ಟೂ ಮ್ಯಾಲಿಕ್ ಆಮ್ಲ ಬಳ್ಳಿಯ ಮೇಲಿರುವಾಗಲೇ ವ್ಯಯವಾಗುತ್ತದೆ. ವಿಪರೀತವೆಂದರೆ, ಬಿಸಿಯ ಜೊತೆಗೆ ಹಿಮದ ಭಯವೂ ಬೆಳೆದಿದೆ: 2021ರ ಮಾರ್ಚಿನ ಸೆಕೆಗೆ ಬೇಗನೆ ಚಿಗುರಿದ ಬಳ್ಳಿಗಳು ಏಪ್ರಿಲಿನ ಹಿಮಕ್ಕೆ ಸಿಕ್ಕಿ ಕಮರಿದವು. ಬೆಳೆಗಾರರು ಸಾಲುಗಳ ನಡುವೆ ದೊಡ್ಡ ಮೇಣದ ದೀಪಗಳನ್ನು ಉರಿಸಿ ಇರುಳೆಲ್ಲ ಕಾದರು.

ಅದೇ ತಂದೆತಾಯಿಗಳಿಗೆ ಹುಟ್ಟಿದ, ಷಾರ್ಡೊನೆಯ ಒಡಹುಟ್ಟಾದ ಆಲಿಗೊತೆ ಎಂಬ ತಳಿಯೂ ಅಲ್ಲಿದೆ. ಹುಳಿ ಹೆಚ್ಚೆಂದು ಅದನ್ನು ಬಹುಕಾಲ ಎರಡನೆಯ ದರ್ಜೆಗೆ ಇಳಿಸಿದ್ದರು. ಈಗ ಕೆಲವು ಬೆಳೆಗಾರರು ಅದೇ ಹುಳಿಗಾಗಿ ಅದನ್ನು ಆದರದಿಂದ ಕಾಣತೊಡಗಿದ್ದಾರೆ.