ಸಾಕುಪ್ರಾಣಿಗಳ ಕಿವಿರೋಗಗಳು

ಕಿವಿ ನೊಂದರೆ ಮನುಷ್ಯನು ಬಾಯಿಬಿಟ್ಟು ಹೇಳಿಕೊಳ್ಳುವನು. ನಾಯಿ ಬೆಕ್ಕುಗಳಿಗೆ ಆ ಭಾಗ್ಯವಿಲ್ಲ. ಅವು ತಲೆಯನ್ನು ಒದರುತ್ತವೆ, ಕಾಲಿನಿಂದ ಕಿವಿಯನ್ನು ಕೆರೆದುಕೊಳ್ಳುತ್ತವೆ. ಅದನ್ನು ಚೇಷ್ಟೆಯೆಂದು ಬಗೆದು ನಾವು ಸುಮ್ಮನಾಗುತ್ತೇವೆ. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಮನೆ, ಹೊಲ, ಮಾವಿನ ತೋಪುಗಳನ್ನು ಕಾಯುವ ನಾಯಿಗಳು ಊರೂರಿನಲ್ಲಿಯೂ ಇರುವುದರಿಂದ, ಈ ವಿಷಯವನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಅಗತ್ಯ.

ಮೊದಲು ಕಿವಿಯ ರಚನೆಯನ್ನು ನೋಡೋಣ. ನಮ್ಮ ಕಿವಿಯ ನಾಳವು ಹೆಚ್ಚುಕಡಿಮೆ ನೇರವಾದುದು. ನಾಯಿ ಬೆಕ್ಕುಗಳಲ್ಲಾದರೋ ಅದು ಮೊದಲು ಕೆಳಕ್ಕಿಳಿದು, ಬಳಿಕ ತಲೆಯ ಒಳಕ್ಕೆ ಅಡ್ಡಲಾಗಿ ತಿರುಗುತ್ತದೆ. ಆ ತಿರುವಿನಾಚೆ ಕಿವಿತಮಟೆಯಿರುತ್ತದೆ. ಆದುದರಿಂದ ಒಳಹೊಕ್ಕ ನೀರು, ಕೊಳೆಗಳು ಸುಲಭವಾಗಿ ಹೊರಬರಲಾರವು. ಜೋಲುಕಿವಿಯ ನಾಯಿಗಳಲ್ಲಿ ಗಾಳಿಯಾಡದೆ ತೇವವು ನಿಲ್ಲುತ್ತದೆ. ಮಳೆಗಾಲದಲ್ಲಿಯೂ, ಕೆರೆ ಹೊಳೆಗಳಲ್ಲಿ ಈಜಿದ ಬಳಿಕವೂ ಕಿವಿಯನ್ನು ಒಣಬಟ್ಟೆಯಿಂದ ಒರೆಸಬೇಕಾದುದು ಇದಕ್ಕಾಗಿಯೇ.

ರೋಗದ ಗುರುತುಗಳು ಹಲವು. ಕಾಫಿಪುಡಿಯಂತಹ ಕಪ್ಪು ಕೊಳೆ ಕಂಡರೆ ಅದು ಬಹುಮಟ್ಟಿಗೆ ಕಿವಿನುಸಿಗಳ ಕೆಲಸ. ಬೆಕ್ಕಿನ ಮರಿಗಳಲ್ಲಿ ಇದು ಹೆಚ್ಚು. ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ. ಈ ನುಸಿಯು ಮೊಟ್ಟೆಯಿಂದ ಬೆಳೆಯಲು ಸುಮಾರು 3 ವಾರಗಳು ಬೇಕಾಗುವುದರಿಂದ, ವೈದ್ಯರು ಹೇಳಿದಷ್ಟು ಕಾಲ ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಚಿಕಿತ್ಸೆ ನಡೆಯಬೇಕು. ಕಂದುಬಣ್ಣದ ಜಿಡ್ಡು ಬೂಷ್ಟಿನ ಜಾತಿಯ ಜೀವಿಗಳನ್ನೂ, ದುರ್ವಾಸನೆಯ ಹಳದಿ ಕೀವು ಬ್ಯಾಕ್ಟೀರಿಯಾಗಳನ್ನೂ ಸೂಚಿಸಬಹುದು. ಹುಲ್ಲಿನಲ್ಲಿ ಓಡಾಡಿ ಬಂದ ನಾಯಿ ಇದ್ದಕ್ಕಿದ್ದಂತೆ ಒಂದೇ ಕಿವಿಯನ್ನು ಒದರತೊಡಗಿದರೆ, ಹುಲ್ಲುತೆನೆಯ ಮುಳ್ಳೋ ಉಣ್ಣಿಯೋ ಒಳಸೇರಿರಬಹುದು. ಅತಿಯಾಗಿ ಒದರಿದಾಗ ರಕ್ತನಾಳವೊಡೆದು ಕಿವಿಯ ಹಾಳೆಯು ದಿಂಬಿನಂತೆ ಊದುವುದೂ ಉಂಟು. ತಲೆ ಒಂದು ಕಡೆಗೆ ವಾಲಿದರೆ, ಪ್ರಾಣಿಯು ಸುತ್ತತೊಡಗಿದರೆ ರೋಗವು ಒಳಗಿವಿಯನ್ನು ಮುಟ್ಟಿರಬಹುದು, ಆಗ ತಡಮಾಡಕೂಡದು.

ಇಲ್ಲಿ ಒಂದು ಎಚ್ಚರಿಕೆ. ಕಾಸಿದ ಎಣ್ಣೆ, ಸೀಮೆಎಣ್ಣೆ, ಸೊಪ್ಪಿನ ರಸ ಮುಂತಾದುವನ್ನು ಕಿವಿಗೆ ಸುರಿಯಲೇಕೂಡದು. ಕಿವಿತಮಟೆ ಹರಿದಿದ್ದರೆ ಅವು ಒಳಕ್ಕಿಳಿದು ಕೇಡುಮಾಡುವುವು. ಕೆಲವು ಔಷಧಿಗಳಿಂದಲೂ ಆಗ ಕಿವುಡು ಬರಬಹುದು. ವೈದ್ಯರು ದೀಪವುಳ್ಳ ಉಪಕರಣದಿಂದ ಒಳಗನ್ನು ನೋಡಿದ ಮೇಲೆಯೇ ಔಷಧಿಯನ್ನು ಗೊತ್ತುಮಾಡುವುದು ಇದಕ್ಕಾಗಿ. ನುಸಿಗೆ ಕೊಡುವುದು ಕೀವಿಗೆ ಆಗದು. ಆದುದರಿಂದ ನೆರೆಮನೆಯವರ ಸೀಸೆಯೂ, ಹೋದ ವರ್ಷ ಉಳಿದ ಸೀಸೆಯೂ ನಿಷ್ಪ್ರಯೋಜಕ. ಹತ್ತಿ ಸುತ್ತಿದ ಕಡ್ಡಿಯನ್ನು ತೂರಿಸಿದರೆ ಕೊಳೆಯು ಇನ್ನೂ ಒಳಕ್ಕೆ ಹೋಗುತ್ತದೆ. ಕಾಣುವ ಭಾಗವನ್ನು ಮಾತ್ರ ಶುದ್ಧವಾದ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ಉಳಿದುದನ್ನು ಹತ್ತಿರದ ಸರ್ಕಾರಿ ಪಶುವೈದ್ಯಶಾಲೆಗೆ ಬಿಡಬೇಕು. ಸೇಲಂ ಜಿಲ್ಲೆಯ ತಲೈವಾಸಲಿನಲ್ಲಿಯೂ, 1997ರವರೆಗೆ ಅದೇ ಜಿಲ್ಲೆಗೆ ಸೇರಿದ್ದ ನಾಮಕ್ಕಲ್ಲಿನಲ್ಲಿಯೂ ಪಶುವೈದ್ಯಕೀಯ ಕಾಲೇಜುಗಳಿವೆ.

ಬಾಲಕ ಬಾಲಕಿಯರೇ, ನೋವಿರುವ ಕಿವಿಯನ್ನು ಮುಟ್ಟಿದರೆ ಎಂತಹ ಸಾಧುವಾದ ನಾಯಿಯೂ ಕಚ್ಚಬಹುದು. ಅದು ಕೋಪವಲ್ಲ, ಯಾತನೆ. ಆದುದರಿಂದ ನೀವೇ ಕಿವಿಗೆ ಕೈಹಾಕದೆ ಹಿರಿಯರಿಗೆ ತಿಳಿಸಿರಿ. ಕಚ್ಚಿದ್ದೇ ಆದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ವಿಷಯವನ್ನು ವಿಚಾರಿಸತಕ್ಕದ್ದು.

ವಾರಕ್ಕೊಮ್ಮೆ ಎರಡು ಕಿವಿಗಳನ್ನೂ ಹೋಲಿಸಿ ನೋಡುವುದಕ್ಕೆ ಹಣ ಬೇಕಿಲ್ಲ. ಎರಡು ನಿಮಿಷದ ಗಮನ ಸಾಕು. ರಾತ್ರಿಯೆಲ್ಲ ನಮ್ಮ ಮನೆಯನ್ನು ಕಾಯುವುದು ಆ ಕಿವಿಗಳೇ. ಅವುಗಳನ್ನು ಕಾಯುವುದು ನಮ್ಮ ಕರ್ತವ್ಯ.