ಪುಟ್ಟ ಹ್ಯಾಮ್‌ಸ್ಟರ್ ಕಚ್ಚುವುದೇಕೆ?

1930ರ ಏಪ್ರಿಲ್ ತಿಂಗಳು. ಸಿರಿಯಾ ದೇಶದ ಅಲೆಪ್ಪೊ ನಗರದ ಸಮೀಪದ ಗೋಧಿ ಹೊಲವೊಂದರಲ್ಲಿ ಕೂಲಿಯಾಳುಗಳು ನೆಲ ಅಗೆಯುತ್ತಿದ್ದರು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅವರಿಗೆ ಬೇಕಾಗಿದ್ದುದು ಬಿಲದಲ್ಲಿ ವಾಸಿಸುವ, ಹೊಂಬಣ್ಣದ ಒಂದು ಪುಟ್ಟ ಪ್ರಾಣಿ. ಸುಮಾರು 8 ಅಡಿ ಆಳದಲ್ಲಿ ಗೂಡು ಸಿಕ್ಕಿತು. ಅದರೊಳಗೆ ಒಂದು ತಾಯಿ ಮತ್ತು 11 ಮರಿಗಳಿದ್ದವು. ಎಲ್ಲವನ್ನೂ ಜೋಪಾನವಾಗಿ ಪೆಟ್ಟಿಗೆಗೆ ಹಾಕಿದರು. ಆಗ ಯಾರೂ ನಿರೀಕ್ಷಿಸದ ಘಟನೆ ನಡೆಯಿತು. ತನ್ನ ಹತ್ತಿರ ಬಂದ ಮೊದಲ ಮರಿಯ ತಲೆಯನ್ನು ತಾಯಿ ಕಚ್ಚಿ ತುಂಡರಿಸಿತು! ಉಳಿದ ಮರಿಗಳ ಪ್ರಾಣ ಕಾಪಾಡಲು ತಾಯಿಯನ್ನೇ ಕೊಲ್ಲಬೇಕಾಯಿತು.

ಆ ಮರಿಗಳನ್ನು ಕೈಯಾರೆ ಸಾಕಲಾಯಿತು. ಕೆಲವು ತಪ್ಪಿಸಿಕೊಂಡವು, ಕೆಲವು ಸತ್ತವು. ಬದುಕುಳಿದ ಬೆರಳೆಣಿಕೆಯ ಒಡಹುಟ್ಟುಗಳಿಂದ ಸಂತತಿ ಬೆಳೆಯಿತು. ಬಿಹಾರವನ್ನು ಬಹುಕಾಲ ಕಾಡಿದ ಕಾಲಾ-ಅಜಾರ್ ರೋಗದ ಬಗ್ಗೆ ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಸಾಲ್ ಆಡ್ಲರ್ ಅವರಿಗಾಗಿ ಈ ಹುಡುಕಾಟ ನಡೆದಿತ್ತು. 1931ರಲ್ಲಿ ಇಂಗ್ಲೆಂಡಿಗೆ, 1938ರಲ್ಲಿ ಅಮೆರಿಕಕ್ಕೆ ಹೋದ ಈ ಪ್ರಾಣಿ ಪ್ರಯೋಗಾಲಯದಿಂದ ಮಕ್ಕಳ ಕೋಣೆಗೂ ಬಂತು. ಇಂದು ಜಗತ್ತಿನಾದ್ಯಂತ ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಒಂದೇ ಗೂಡಿನ ವಂಶದವು.

ಹಾಗಾದರೆ ಆ ತಾಯಿ ಕ್ರೂರಿಯೇ? ಕತ್ತಲ ಗೂಡಿನಿಂದ ದಿಢೀರನೆ ಬೆಳಕಿಗೆ ಬಂದು, ಮನುಷ್ಯರ ವಾಸನೆಯ ನಡುವೆ ಸಿಕ್ಕಿಬಿದ್ದ ಪ್ರಾಣಿಗೆ ಭಯದಿಂದ ದಿಕ್ಕೇ ತೋಚಲಿಲ್ಲ. ಮಕ್ಕಳ ಬೆರಳನ್ನು ಹ್ಯಾಮ್‌ಸ್ಟರ್ ಕಚ್ಚಿದಾಗಲೂ ಸಾಮಾನ್ಯವಾಗಿ ಕಾರಣ ಇದೇ ಭಯ. ಇದನ್ನರಿಯದೆ ಎಷ್ಟೋ ಮನೆಗಳಲ್ಲಿ ಆಸೆಯಿಂದ ತಂದ ಪ್ರಾಣಿ ಒಮ್ಮೆ ಕಚ್ಚಿದ ಮೇಲೆ ಮೂಲೆ ಸೇರುತ್ತದೆ. ಮಗು ಅದರ ಹತ್ತಿರ ಸುಳಿಯುವುದಿಲ್ಲ. ಯಾರೂ ಮುಟ್ಟದ ಪ್ರಾಣಿ ಇನ್ನಷ್ಟು ಬೆದರುತ್ತದೆ.

ದೇಹರಚನೆಯೇ ಹಾಗೆ

ಹ್ಯಾಮ್‌ಸ್ಟರ್ ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ್ದು. ಇದರ ಬಾಚಿಹಲ್ಲುಗಳು ಜೀವನವಿಡೀ ಬೆಳೆಯುತ್ತಲೇ ಇರುತ್ತವೆ. ಆದ್ದರಿಂದ ಏನನ್ನಾದರೂ ಕಡಿಯುತ್ತಿರಬೇಕು. ಮಂಗ ಕಡಲೆಕಾಯಿಯನ್ನು ಕೆನ್ನೆಗೆ ತುಂಬಿಕೊಳ್ಳುವಂತೆ ಇದೂ ಕಾಳುಗಳನ್ನು ಕೆನ್ನೆಚೀಲದಲ್ಲಿ ತುಂಬಿಕೊಂಡು ಬಿಲಕ್ಕೆ ಸಾಗಿಸುತ್ತದೆ. ಜರ್ಮನ್ ಭಾಷೆಯಲ್ಲಿ ಕೂಡಿಡುವುದಕ್ಕೆ ಬಳಸುವ ಕ್ರಿಯಾಪದವೊಂದು ಈ ಪ್ರಾಣಿಯ ಹೆಸರಿನಿಂದಲೇ ಬಂದಿದೆ.

ಇದರ ಕಣ್ಣಿನ ದೃಷ್ಟಿ ಮಂದ. ಮೂಗು ಬಲು ಚುರುಕು. ಹಗಲು ನಿದ್ದೆ, ಸಂಜೆಯ ನಂತರ ಓಡಾಟ. ಮಧ್ಯಾಹ್ನ ಶಾಲೆಯಿಂದ ಬಂದ ಮಗು ಕಡಲೆಕಾಯಿ ತಿಂದ ಕೈಯನ್ನು ತೊಳೆಯದೆ ಪಂಜರದೊಳಗೆ ಹಾಕಿದರೆ ಏನಾದೀತು? ಗಾಢನಿದ್ದೆಯಲ್ಲಿರುವ ಪ್ರಾಣಿಗೆ ಬೆರಳು ಕಾಣುವುದಿಲ್ಲ, ಕಡಲೆಕಾಯಿಯ ವಾಸನೆ ಮಾತ್ರ ಮೂಗಿಗೆ ಬಡಿಯುತ್ತದೆ. ಮೇಲಿನಿಂದ ಬರುವ ಕೈಯಂತೂ ಅದಕ್ಕೆ ಗೂಬೆಯೋ ಹದ್ದೋ ಎರಗಿದಂತೆಯೇ ಸರಿ.

ಐದು ಬಗೆ, ಐದು ಸ್ವಭಾವ

ಮನೆಗಳಲ್ಲಿ ಸಾಕುವ ಹ್ಯಾಮ್‌ಸ್ಟರ್‌ಗಳಲ್ಲಿ ಐದು ಪ್ರಭೇದಗಳು ಮುಖ್ಯ. ಇವುಗಳ ದೂರದ ಬಂಧುವೊಂದು ನಮ್ಮ ಲಡಾಖ್‌ನ ಎತ್ತರದ ಶೀತಪ್ರದೇಶದಲ್ಲಿದೆಯಾದರೂ, ಸಾಕುವ ಐದೂ ಹೊರದೇಶದ ಮೂಲದವು.

ಸಿರಿಯನ್ ಹ್ಯಾಮ್‌ಸ್ಟರ್ ಎಲ್ಲಕ್ಕಿಂತ ದೊಡ್ಡದು. ತೂಕ ಸಾಮಾನ್ಯವಾಗಿ 100ರಿಂದ 150 ಗ್ರಾಂ. ಗಾತ್ರದಿಂದಾಗಿ ಹಿಡಿಯಲು ಸುಲಭ, ನಿಧಾನಿ. ಅಭ್ಯಾಸವಾದ ಮೇಲೆ ಅಂಗೈಯಲ್ಲಿ ಸುಮ್ಮನೆ ಕೂರುತ್ತದೆ. ಹೊಸಬರಿಗೆ ಇದೇ ಸೂಕ್ತ ಎನ್ನುವುದು ಇದಕ್ಕಾಗಿಯೇ. ಆದರೆ ತನ್ನ ಜಾತಿಯ ಇನ್ನೊಂದನ್ನು ಇದು ಸಹಿಸುವುದಿಲ್ಲ. ಜೊತೆಗಿರಲಿ ಎಂದು ಎರಡನ್ನು ಒಂದೇ ಪಂಜರದಲ್ಲಿಟ್ಟರೆ, ಮರಿಗಳು ಎರಡು ತಿಂಗಳು ತುಂಬುವ ಹೊತ್ತಿಗೆ ಕಾದಾಟ ಶುರುವಾಗಿ ಒಂದು ಸಾಯಲೂಬಹುದು. ಒಂಟಿತನವೇ ಇದಕ್ಕೆ ಸುಖ.

ಕ್ಯಾಂಬೆಲ್ ಕುಬ್ಜ ಹ್ಯಾಮ್‌ಸ್ಟರ್ ಮಂಗೋಲಿಯಾ ಸುತ್ತಲಿನ ಹುಲ್ಲುಗಾವಲಿನದು. ಬೆನ್ನಿನ ಮೇಲೆ ತೆಳುವಾದ ಕಪ್ಪು ಗೆರೆ. ಇದರಲ್ಲಿ ಗಂಡೂ ಮರಿಗಳ ಪಾಲನೆಯಲ್ಲಿ ನೆರವಾಗುತ್ತದೆ. ಗಾತ್ರ ಚಿಕ್ಕದಾದರೂ ಚುಟುಕಾಗಿ ಕಚ್ಚುವುದರಲ್ಲಿ ಇದಕ್ಕೆ ಹೆಸರಿದೆ. ವಿಶೇಷವೆಂದರೆ, ಪಂಜರದೊಳಗೆ ಕೈಹಾಕಿದಾಗ ಕಚ್ಚುವ ಪ್ರಾಣಿಯೇ ಹೊರಗೆ ತಂದಾಗ ಸಾಧುವಾಗಿರುವುದುಂಟು. ಪಂಜರ ತನ್ನ ಮನೆ ಎಂಬ ಹಕ್ಕು ಅದಕ್ಕೆ.

ಚಳಿಗಾಲದ ಬಿಳಿ ಹ್ಯಾಮ್‌ಸ್ಟರ್ ಕಜಕಸ್ತಾನ ಮತ್ತು ಸೈಬೀರಿಯದ್ದು. ಹಗಲು ಕಿರಿದಾದಂತೆ ಇದರ ಬೂದು ತುಪ್ಪಳ ಬಿಳಿಯಾಗುತ್ತದೆ. ಹಿಮದಲ್ಲಿ ಶತ್ರುವಿನ ಕಣ್ಣು ತಪ್ಪಿಸಲು ಪ್ರಕೃತಿ ಕೊಟ್ಟ ವೇಷ ಇದು. ಕ್ಯಾಂಬೆಲ್‌ಗಿಂತ ಸಾಮಾನ್ಯವಾಗಿ ಸೌಮ್ಯ. ಇವೆರಡರ ಮಿಶ್ರತಳಿಗಳೂ ಮಾರಾಟಕ್ಕಿರುವುದರಿಂದ, ಹೆಸರು ನಂಬಿ ಸ್ವಭಾವ ಊಹಿಸುವುದು ಕಷ್ಟ.

ರೊಬೊರೊವ್‌ಸ್ಕಿ ಎಲ್ಲಕ್ಕಿಂತ ಚಿಕ್ಕದು. ಸುಮಾರು 5 ಸೆಂ.ಮೀ. ಉದ್ದ, 20ರಿಂದ 25 ಗ್ರಾಂ ತೂಕ. ಮರುಭೂಮಿಯ ಈ ಪ್ರಾಣಿಗೆ ವೇಗವೇ ರಕ್ಷಣೆ. ಕಚ್ಚುವುದು ಅಪರೂಪ, ಆದರೆ ಕೈಗೆ ಸಿಗುವುದೂ ಅಪರೂಪ! ಮುಟ್ಟಿ ಆಡಿಸಬೇಕೆನ್ನುವ ಮಗುವಿಗೆ ಇದು ನಿರಾಸೆ ತರುತ್ತದೆ. ನೋಡಿ ಸಂತೋಷಪಡುವವರಿಗೆ ಹಬ್ಬ.

ಚೀನೀ ಹ್ಯಾಮ್‌ಸ್ಟರ್ ಮೈ ನೀಳ, ಬಾಲ ಉಳಿದವುಗಳಿಗಿಂತ ಉದ್ದ. ಮೊದಮೊದಲು ಅಂಜುಬುರುಕ, ಪಳಗಿದರೆ ಬೆರಳನ್ನು ಅಪ್ಪಿಕೊಂಡು ಕೂರುತ್ತದೆ. ಇದರ ಅಂಡಾಶಯದ ಜೀವಕೋಶಗಳಿಂದ 1957ರಲ್ಲಿ ಬೆಳೆಸಿದ ಕೋಶವಂಶ ಇಂದಿಗೂ ಹಲವು ಔಷಧಿಗಳ ತಯಾರಿಕೆಗೆ ಆಧಾರವಾಗಿದೆ.

ಇವೆಲ್ಲ ಪ್ರಭೇದಗಳ ಸಾಮಾನ್ಯ ಗುಣಗಳು. ಒಂದೇ ಸೂಲಿನ ಮರಿಗಳಲ್ಲೂ ಒಂದು ಧೈರ್ಯಶಾಲಿ, ಇನ್ನೊಂದು ಪುಕ್ಕಲು ಆಗಿರಬಹುದು. ಚಿಕ್ಕಂದಿನಲ್ಲಿ ಮನುಷ್ಯರ ಕೈ ಹೇಗೆ ನಡೆಸಿಕೊಂಡಿತು ಎಂಬುದೂ ಮುಖ್ಯ.

ಸ್ನೇಹ ಬೆಳೆಸುವ ಬಗೆ

ಮನೆಗೆ ತಂದ ಮೊದಲ ಕೆಲವು ದಿನ ಹ್ಯಾಮ್‌ಸ್ಟರನ್ನು ಮುಟ್ಟಬಾರದು. ಪಂಜರದ ಬಳಿ ಕುಳಿತು ಮೆಲ್ಲಗೆ ಮಾತನಾಡಿದರೆ ಸಾಕು. ಆಮೇಲೆ ಸಂಜೆ, ಅದು ತಾನಾಗಿ ಎದ್ದ ಮೇಲೆ, ತೊಳೆದ ಅಂಗೈಯಲ್ಲಿ ಸೂರ್ಯಕಾಂತಿ ಬೀಜವೊಂದನ್ನಿಟ್ಟು ಕಾಯಬೇಕು. ಅದಾಗಿಯೇ ಕೈಯೇರಿದ ದಿನ ಅರ್ಧ ಗೆದ್ದಂತೆ. ಎತ್ತುವಾಗ ಎರಡೂ ಕೈಗಳನ್ನು ಬೊಗಸೆ ಮಾಡಿ, ನೆಲದ ಮೇಲೆ ಕುಳಿತೇ ಎತ್ತಬೇಕು. ಬಿದ್ದರೆ ಇದರ ಪುಟ್ಟ ಮೂಳೆಗಳು ಮುರಿಯುತ್ತವೆ. ಕೈಕೊಡದ ಪ್ರಾಣಿಯನ್ನು ಲೋಟದೊಳಗೆ ಹತ್ತಿಸಿಕೊಂಡು ಸಾಗಿಸಬಹುದು. ಪಂಜರ ವಿಶಾಲವಾಗಿರಬೇಕು, ಅಗೆಯಲು ದಪ್ಪನೆಯ ಹಾಸು, ಓಡಲು ಚಕ್ರ ಬೇಕು. ಸರಳುಗಳನ್ನು ಸದಾ ಕಡಿಯುತ್ತಿದ್ದರೆ ಜಾಗ ಸಾಲದೆಂದು ತಿಳಿಯಬೇಕು. ಸಾಧುವಾಗಿದ್ದುದು ಏಕಾಏಕಿ ಕಚ್ಚತೊಡಗಿದರೆ ನೋವೋ ಕಾಯಿಲೆಯೋ ಇರಬಹುದು, ಪಶುವೈದ್ಯರಿಗೆ ತೋರಿಸಬೇಕು. ಮರಿ ಹಾಕಿದ ತಾಯಿಯನ್ನಂತೂ ಕೆಣಕಲೇಬಾರದು. ಅಲೆಪ್ಪೊದ ಘಟನೆ ಯಾವ ಮನೆಯಲ್ಲಾದರೂ ಮರುಕಳಿಸಬಹುದು.

ಕಚ್ಚಿದರೆ?

ಕಚ್ಚಿ ಹಿಡಿದಾಗ ಮಗು ಕೈ ಕೊಡವುವುದು ಸಹಜ. ಹಾಗೆ ಮಾಡಿದರೆ ಪ್ರಾಣಿ ಎಸೆಯಲ್ಪಟ್ಟು ಸಾಯಬಹುದು, ಗಾಯವೂ ಹೆಚ್ಚುತ್ತದೆ. ಕೈಯನ್ನು ಪಂಜರದೊಳಗೆ ಇಳಿಸಿದರೆ ಅದು ತಾನೇ ಬಿಡುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಅವರೇ ಹೇಳುತ್ತಾರೆ. ಮನೆಯೊಳಗೇ ಸಾಕಿದ ಹ್ಯಾಮ್‌ಸ್ಟರ್‌ನಿಂದ ರೇಬಿಸ್ ಬರುವ ಸಂಭವ ತೀರಾ ಕಡಿಮೆಯಾದರೂ, ತೀರ್ಮಾನ ವೈದ್ಯರದಾಗಿರಲಿ. ಅಪರೂಪಕ್ಕೆ ಕೆಲವರಲ್ಲಿ ಇದರ ಜೊಲ್ಲಿಗೆ ತೀವ್ರ ಅಲರ್ಜಿಯಾಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ, ಮುಖ ಊದಿದರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಕಚ್ಚದಿದ್ದರೂ ಮುಟ್ಟಿದ ನಂತರ ಕೈ ತೊಳೆಯುವುದು ಕಡ್ಡಾಯ. ಮನೆಯಲ್ಲಿ ಗರ್ಭಿಣಿಯರಿದ್ದರೆ, ದಂಶಕಗಳಿಂದ ಹರಡಬಲ್ಲ ಒಂದು ವೈರಸ್ ಭ್ರೂಣಕ್ಕೆ ಅಪಾಯಕಾರಿಯಾದ್ದರಿಂದ ಅವರು ದೂರವಿರುವುದೇ ಲೇಸು.

ಕೊಳ್ಳುವ ಮುನ್ನ ತಂದೆ ತಾಯಿ ಮಕ್ಕಳು ಒಟ್ಟಿಗೆ ಕುಳಿತು ಯೋಚಿಸಬೇಕು. ಮಗುವಿಗೆ ಮುಟ್ಟಿ ಆಡುವ ಆಸೆಯೋ, ನೋಡಿ ಕಲಿಯುವ ಆಸೆಯೋ? ಹಗಲು ಅದರ ನಿದ್ದೆ ಕೆಡಿಸದಿರುವ ತಾಳ್ಮೆ ಇದೆಯೇ? ಪರೀಕ್ಷೆಯ ದಿನಗಳಲ್ಲಿ ಪಂಜರ ಸ್ವಚ್ಛ ಮಾಡುವವರು ಯಾರು? ಇದರ ಆಯುಸ್ಸು ಎರಡರಿಂದ ಮೂರು ವರ್ಷ ಅಷ್ಟೆ. ಆರನೇ ತರಗತಿಯಲ್ಲಿ ತಂದ ಗೆಳೆಯ ಹೈಸ್ಕೂಲು ಮುಗಿಯುವವರೆಗೆ ಇರುವುದಿಲ್ಲ. ಇರುವಷ್ಟು ದಿನ ಅದು ಭಯವಿಲ್ಲದೆ ಬದುಕುವಂತೆ ನೋಡಿಕೊಂಡರೆ, ಅದು ಕಚ್ಚುವ ಸಂದರ್ಭಗಳೂ ತಾವಾಗಿಯೇ ಕಡಿಮೆಯಾಗುತ್ತವೆ.